ಗೌರವಧನ

"ಏನಮ್ಮ, ಅರ್ಧ ದಿನ ಇದೇ ಕಚೇರೀಲಿ ಟೈಪ್ ಮಾಡ್ತೀಯ, ಮೇಲೆ ನಿರುದ್ಯೋಗ ಭತ್ಯೇನೂ ತಗೋತೀಯ. ನಾಚಿಕೆ ಆಗಲ್ವಾ?" ಉದ್ಯೋಗ ವಿನಿಮಯ ಕಚೇರಿಯ ಸಾಹೇಬರು ಗದರಿದರು.

ಅವಳು ತಲೆ ತಗ್ಗಿಸಲಿಲ್ಲ. "ಸಂಬಳ ಕೇಳೋಕೆ ಬಂದಾಗ ಇದು ಕೆಲಸ ಅಲ್ಲ, ಸೇವೆ ಅಂದಿದ್ರಲ್ಲ ಸಾರ್? ನೀವು ಕೊಡೋದೂ ಗೌರವಧನಾನೇ."

"ಮಾತಿಗೇನೂ ಕಮ್ಮಿ ಇಲ್ಲ. ಹೊತ್ತಿಗೆ ಸರಿಯಾಗಿ ಬರ್ತೀಯ, ನಾನು ಹೇಳಿದ್ದು ಮಾಡ್ತೀಯ, ತಿಂಗಳಾದ್ರೆ ಕೈ ಚಾಚ್ತೀಯ. ಅದು ಕೆಲಸ ಅಲ್ದೆ ಇನ್ನೇನು, ಪೂಜೇನಾ?"

"ಹಾಗಾದ್ರೆ ನಾನಿಲ್ಲಿ ನೌಕರಿ ಮಾಡ್ತಿದೀನಿ ಅಂತೀರಾ?"

"ನೂರು ಸಲ ಅಂತೀನಿ. ಇವತ್ತಿಂದ ನಿನ್ನ ಭತ್ಯೆ ಬಂದ್."

ಭತ್ಯೆಗೆ ಎಳ್ಳುನೀರು ಬಿಟ್ಟವಳಂತೆ ಕೈ ಕೊಡವಿಕೊಂಡು ಎದ್ದ ಅವಳು, ಅರೆತೆರೆದಿದ್ದ ಬಾಗಿಲನ್ನು ಪೂರ್ತಿ ತೆರೆದು, ಟೈಪಿಸ್ಟರ ಗುಂಪಿನೊಂದಿಗೆ ಹೊರಗೆ ನಿಂತಿದ್ದ ವಕೀಲರನ್ನು ಕೇಳಿದಳು: "ಕೇಳಿಸ್ತಲ್ಲ ಸಾರ್? ನಮ್ಮನ್ನ ಕಾಯಂ ಮಾಡಿಸೋ ಕೇಸಿಗೆ ಇಷ್ಟು ಸಾಕಾ?"