ದಾರಿಗಡ್ಡ ಮಲಗಿದ ಆಕಳು

ಹೆಣ್ಣು ನೋಡಲು ಬಂದವರಿಗೆ ಚಹಾ ಕೊಟ್ಟಾದ ಮೇಲೆ ಸಾವಂತ್ರಿ ಪದ್ಧತಿಯಂತೆ ಅಂಗೈಯಗಲದ ವಿಡಿಯೋ ಆಟದ ಡಬ್ಬಿಯನ್ನು ಹುಡುಗನ ತಾಯಿ ಬಸಲಿಂಗವ್ವನ ಕೈಗಿಟ್ಟಳು. ಹುಡುಗಿ ತಾನೇ ಕೋಡ್ ಬರೆದು ಮಾಡಿದ ಆಟವನ್ನು ಅತ್ತೆಯಾಗುವವಳು ಆಡಿ ಗೆದ್ದರೆ ಸಂಬಂಧ ಕೂಡಿದಂತೆ. ಜಾತಕ ಕೇಳುವವರು ಈಗ ಯಾರೂ ಇಲ್ಲ. ಹುಡುಗ ಕಲ್ಮೇಶ ನೋಡಿದ ಕೂಡಲೇ ಹಿಡಿಸಿದ್ದರಿಂದ ಸಾವಂತ್ರಿ ಡಬ್ಬಿಯ ಮೇಲಿನ ಕಣ್ಣು ಕೀಳಲಿಲ್ಲ.

ಬಸಲಿಂಗವ್ವ ಗುಂಡಿ ಒತ್ತುತ್ತ ತೆರೆಯ ಮೇಲಿನ ಚೌಕ ಚೌಕದ ಪುಟ್ಟ ಬೊಂಬೆಯನ್ನು ಹಳ್ಳ ಹಾರಿಸಿದಳು, ನಾಯಿಯಿಂದ ತಪ್ಪಿಸಿದಳು. ದಾರಿಗಡ್ಡ ಮಲಗಿದ ಆಕಳು ಕಂಡೊಡನೆ ನಿಂತುಬಿಟ್ಟಳು.

“ಅದನ್ನ ಜಿಗದು ಹೋಗ್ಬೇಕ್ರೀ,” ಎಂದಳು ಸಾವಂತ್ರಿ.

“ಆಕಳಾ ದಾಟೂದಾ? ಶಿವ ಶಿವಾ! ತಾನಾಗೇ ಏಳ್ತೈತಿ, ತಡಿ.”

ಅದು ಏಳುವ ಹಾಗೆ ಸಾವಂತ್ರಿ ಬರೆದೇ ಇರಲಿಲ್ಲ. ಎಲ್ಲರೂ ಕಾದರು. ಚಹಾ ಆರಿತು.

“ಯವ್ವಾ, ಅದು ಬರೇ ಚುಕ್ಕಿ,” ಎಂದ ಕಲ್ಮೇಶ.

“ಚುಕ್ಕಿ ಇದ್ರೇನಲೇ, ಬಾಲ ಐತಿ!”

ಸಾವಂತ್ರಿ ಡಬ್ಬಿ ಇಸಿದುಕೊಂಡು, ಎಲ್ಲರೆದುರೇ ಟಕಟಕ ಎರಡು ಸಾಲು ಬರೆದು ಮರಳಿ ಕೊಟ್ಟಳು. ಈಗ ಬೊಂಬೆ ಬಗ್ಗಿ ಆಕಳ ಮೈ ಸವರಿತು. ಆಕಳು ಎದ್ದು, ಬೊಂಬೆಯ ಬೆನ್ನು ಹತ್ತಿ ಮನೆಯ ಬಾಗಿಲವರೆಗೂ ಬಂತು. ಡಬ್ಬಿ ಪೀಪೀ ಎಂದು ವಾಲಗ ಊದಿತು.

“ಗೆದ್ದೆ! ಹುಡುಗಿ ನಮಗ ಒಪ್ಪಿಗಿ,” ಎಂದು ಬಸಲಿಂಗವ್ವ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡಳು. “ಅಂದಂಗ, ಆಕಳಾನೂ ಕೂಡೇ ಬರ್ತೈತಲ್ರೀ ಬೀಗರ?”

ಸಾವಂತ್ರಿಯ ಅಪ್ಪ ನಗುತ್ತಲೇ ಎದ್ದು, ಹಿತ್ತಲಿಗೆ ಹೋಗಿ, ಮನೆಗಿದ್ದ ಒಂದೇ ಆಕಳಿನ ಹಗ್ಗಕ್ಕೆ ಇನ್ನೊಂದು ಗಂಟು ಬಿಗಿದು ಬಂದ.