ದನಿ ಎತ್ತಿ ಕೇಳಬೇಕಾದ ಕಂಪ್ಯೂಟರು

ಮೆಂತೆಪಲ್ಲೆಯ ಎರಡನೇ ಕಟ್ಟು ಸೋಸುತ್ತಿದ್ದಾಗ ಅಂಗಡಿಯಲ್ಲಿ ಗಂಡನ ದನಿ ಏರಿತು. ಅಕ್ಕಮ್ಮ ಬಲಗೈಯನ್ನು ಸೆರಗಿಗೆ ಒರೆಸಿಕೊಂಡಳು.

"ಗೋಮಿ ದಡಿ ಸೀರಿ, ಹಸಿರು ಒಡಲು, ಎಷ್ಟು ಉಳದಾವು?" ಗೋಡೆಯಾಚೆ ನೇಮಿನಾಥ ಮಂತ್ರ ಹೇಳಿದಂತೆ ಹೇಳುತ್ತ ಕಂಪ್ಯೂಟರಿನ ಕೀಲಿಗಳನ್ನು ಒತ್ತಿದ.

"ಹದಿನೇಳು ಅಂತ ಬಂತ ನೋಡ್ರಿ" ಎಂದ ಮುಧೋಳದ ವ್ಯಾಪಾರಿ ಚನಮಲ್ಲಪ್ಪ. ಸೀರೆ ಎಣಿಸುವ ಸಪ್ಪಳ ಕೇಳಿತು. ಹದಿನೇಳೇ ಇದ್ದವು. "ನನ್ನ ಹೆಂಡ್ತಿ ಮನ್ಯಾಗ ರೊಟ್ಟಿ ಎಷ್ಟ ಉಳದಾವು ಅಂದ್ರನೂ ಖರೆ ಹೇಳೂದಿಲ್ಲ. ನನಗೂ ಇಂಥಾ ಕಂಪ್ಯೂಟರ ಒಂದು ಕಳಸ್ರಿ."

ಯಂತ್ರ ಬರುವ ಮೊದಲು ಈ ಪ್ರಶ್ನೆ ಅಕ್ಕಮ್ಮನಿಗೇ ಬರುತ್ತಿತ್ತು. ಇಪ್ಪತ್ತು ವರ್ಷ ಅಂಗಡಿಯ ಪ್ರತಿ ಸೀರೆಯನ್ನೂ ಮಡಿಚಿಟ್ಟವಳು ಅವಳು. ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದಳು. "ನಿನ್ನ ಬಾಯಿಲೆಕ್ಕ ಯಾರ ನಂಬತಾರ?" ಎನ್ನುತ್ತಿದ್ದ ನೇಮಿನಾಥ, ಎದ್ದು ಹೋಗಿ ಮತ್ತೆ ಎಣಿಸುತ್ತಿದ್ದ.

ಯಂತ್ರ ತಂದವನು ಅವಳ ಅಣ್ಣನ ಮಗ, ತೇರದಾಳದ ಶ್ರೇಣಿಕ. ಹುಬ್ಬಳ್ಳಿಯ ಕಂಪನಿಯೊಂದು ಅಂಗಡಿಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡಿ, ಮಾರಿಕೊಂಡು ಬಾ ಎಂದು ಅವನನ್ನು ಈ ಕಡೆ ಅಟ್ಟಿತ್ತು. ಅದು ಬಿಲ್ಲು ಚೆನ್ನಾಗಿ ಬರೆಯುತ್ತಿತ್ತು. ಬಿಲ್ಲು ಬರೆಯುವ ಹುಕಿ ಮಾತ್ರ ಯಾವ ವ್ಯಾಪಾರಿಗೂ ಇರಲಿಲ್ಲ. ಮೂರು ತಿಂಗಳಾದರೂ ಒಂದೂ ಹೋಗಲಿಲ್ಲ. ನೌಕರಿ ಹೋಗುತ್ತದೆ ಎಂದಾದ ದಿನ ಶ್ರೇಣಿಕ ಬನಹಟ್ಟಿಗೆ ಬಂದು, ಅತ್ತೆಯ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದ. ಮರುದಿನ ಮಾವನ ಅಂಗಡಿಯಲ್ಲೇ ಯಂತ್ರ ಹೂಡಿದ.

ಹತ್ತು ಅಂಗಡಿ ಅಲೆಯುವ ಬದಲು ಒಂದು ಅಂಗಡಿ ತೋರಿಸುವುದು. ಅವನ ಉಪಾಯ ಇಷ್ಟೇ. ಜಮಖಂಡಿ, ಬೀಳಗಿ, ಲೋಕಾಪುರದವರು ಬಂದು ನೋಡಿ ಕೊಂಡರು. ವರ್ಷಕ್ಕೆ ನಲವತ್ತೆರಡು. ನಮ್ಮಲ್ಲಿ ಇದು ಉತ್ತರ ಕೊಡುವುದಿಲ್ಲ ಎಂದವರಿಗೆ, "ನಿಮ್ಮ ಮಾಲಿನ ಪರಿಚಯ ಆಗಬೇಕ್ರಿ ಅದಕ್ಕ" ಎನ್ನುತ್ತಿದ್ದ.

ನೇಮಿನಾಥನ ಯಂತ್ರಕ್ಕೆ ಕೆಲವು ನೇಮಗಳಿದ್ದವು. ಪ್ರಶ್ನೆಯನ್ನು ದನಿ ಎತ್ತಿ ಓದುತ್ತ ಒತ್ತಬೇಕು. ಹಿಂದಿನಿಂದ ಹೊರಟು ಗೋಡೆಯ ತೂತಿನೊಳಗೆ ಹೋಗುವ ತಂತಿ ಅರ್ಥಿಂಗಿನದು, ಮುಟ್ಟಬಾರದು. ಕುಕ್ಕರು ಕೂಗುವಾಗ ಕೇಳಿದರೆ ಉತ್ತರವಿಲ್ಲ. ಕರೆಂಟು ಅತ್ತ ಎಳೆಯುತ್ತದೆ ಎಂದು ನೇಮಿನಾಥ ತಾನೇ ಕಾರಣ ಕಂಡುಕೊಂಡಿದ್ದ. ಕುಕ್ಕರು ಗ್ಯಾಸಿನದು. ಅಷ್ಟಮಿ, ಚತುರ್ದಶಿಯಂದು ಉತ್ತರ ನಿಧಾನ. "ಜೈನರ ಮನಿ ಕಂಪ್ಯೂಟರ, ಉಪವಾಸ ಮಾಡತೈತಿ" ಎಂದು ಓಣಿಯವರು ನಗುತ್ತಿದ್ದರು.

ಚಹಾದ ಕಪ್ಪುಗಳನ್ನು ಇಡಲು ಶ್ರೇಣಿಕ ಒಳಗೆ ಬಂದ.

"ಅತ್ತಿ, ಬಡ್ತಿ ಆತು. ನಾಳೆಯಿಂದ ಹುಬ್ಬಳ್ಳಿಯೊಳಗ ಉಳದವರಿಗೆ ಮಾರೂದು ಕಲಸಬೇಕಂತ."

"ಏನ ಕಲಸತಿ?"

ಅವನು ಕಪ್ಪಿನ ತಳ ನೋಡಿದ. "ಒಂದು ಅಂಗಡಿ ಛಲೋ ತೋರಸ್ರಿ ಅಂತ."

ಮಧ್ಯಾಹ್ನ ಊಟಕ್ಕೆ ಕೂತಾಗ ನೇಮಿನಾಥ ತನ್ನ ಸುದ್ದಿ ತೆಗೆದ. "ಜಮಖಂಡ್ಯಾಗ ದೊಡ್ಡ ಅಂಗಡಿ ಹಿಡದೇನಿ. ಮಾಲು, ಕಂಪ್ಯೂಟರ, ಎಲ್ಲಾ ನಾಳೆ ಅಲ್ಲಿಗೆ. ನಾಡದು ಪೂಜಾ. ಕಂಪ್ಯೂಟರ ನೋಡಾಕ ಐವತ್ತು ಮಂದಿ ವ್ಯಾಪಾರಸ್ಥರನ್ನ ಕರದೇನಿ."

"ನಾನೂ ಅಂಗಡಿಗೆ ಬರಲೇನ್ರಿ?"

"ನೀ ಬಂದು ಏನ ಮಾಡತಿ? ಮಡಿಚಿದ್ದು ಸಾಕು, ಅದಕ್ಕ ಆಳು ಇಡತೇನಿ. ಆರಾಮ ಮನ್ಯಾಗಿರು. ಅದಕ್ಕ ಎಲ್ಲಾ ಗೊತ್ತೈತಿ."

ಅಕ್ಕಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ಖರೆ. ಅದಕ್ಕ ಎಲ್ಲಾ ಗೊತ್ತೈತಿ."

ಮರುದಿನ ಟೆಂಪೋ ಬಂತು. ಯಂತ್ರವನ್ನು ಹಸುಗೂಸಿನಂತೆ ದುಪ್ಪಟಿಯಲ್ಲಿ ಸುತ್ತಿದರು. ಗೋಡೆಯೊಳಗೆ ಹೋಗುವ ತಂತಿಯನ್ನು ನೇಮಿನಾಥ ಕಿತ್ತು ಅಲ್ಲೇ ಬಿಟ್ಟ. "ಇದನ್ನೇನ ಮಾಡೂದು. ಅರ್ಥಿಂಗ ಅಲ್ಲಿ ಹೊಸಾದು ಹಾಕಸೋಣು."

ಟೆಂಪೋದ ಸದ್ದು ಅಡಗಿದ ಮೇಲೆ ಅಕ್ಕಮ್ಮ ಅಡುಗೆಮನೆಯಲ್ಲಿ ಕೂತು ಆ ತಂತಿಯನ್ನು ತೂತಿನಿಂದ ಒಳಗೆ ಎಳೆದುಕೊಂಡಳು. ಅದರ ಈಚೆ ತುದಿಗಿದ್ದ ಕೀಲಿಮಣೆಯನ್ನು ಮೊರದ ಅಡಿಯಿಂದ ತೆಗೆದು, ಒಂದರಿಂದ ಒಂಬತ್ತರ ತನಕ ಮೆತ್ತಿದ್ದ ಅರಿಸಿನ ಒರೆಸಿ, ತಂತಿಯನ್ನು ಅದಕ್ಕೇ ಸುತ್ತಿ ಅಟ್ಟಕ್ಕೆ ಏರಿಸಿದಳು. ನಾಳೆ ಜಮಖಂಡಿಯಿಂದ ಗಂಡ ಎಷ್ಟು ದನಿ ಎತ್ತಿ ಕೇಳಿದರೂ ತನಗೆ ಕೇಳಿಸುವುದಿಲ್ಲ ಎಂದು ನಿಶ್ಚಯಿಸಿ, ಉಳಿದ ಮೆಂತೆಪಲ್ಲೆ ಸೋಸತೊಡಗಿದಳು.