ಮೂಲೆಯಲ್ಲಿದ್ದ ಕೈ

ಚನ್ನೇಶ ಲೆನ್ಸಿನ ಮುಂದಿನ ಗಾಜಿಗೆ ಮೊಬೈಲಿನ ಟಾರ್ಚ್ ಹಿಡಿದು ಹಿಂದಿನಿಂದ ಕಣ್ಣಿಟ್ಟ. ಬೂಷ್ಟಿಲ್ಲ, ಗೀರಿಲ್ಲ. ಜೂಮ್ ರಿಂಗ್ ಎಲ್ಲೂ ತಡವರಿಸದೆ ತಿರುಗಿತು. ಇಂಥದ್ದೇ ಹಳೇ ಲೆನ್ಸಿಗೆ ಹುಬ್ಬಳ್ಳಿಯಲ್ಲಿ ಇದರ ದುಪ್ಪಟ್ಟು ಹೇಳಿದ್ದರು. ಅದಕ್ಕೇ ಅವನಿಗೆ ಸಂಶಯ.

"ಏನ್ ರೋಗ ಐತ್ರಿ ಇದಕ್ಕ, ಹಯಾತಭಾಯ್? ಖರೇ ಹೇಳ್ರಿ. ಎಲ್ಲರ ಬಿದ್ದೈತೇನು?"

"ಬಿದ್ದಿಲ್ಲೋ ಮಾರಾಯಾ." ಸವಣೂರಿನ ಆ ಇಕ್ಕಟ್ಟು ಸ್ಟುಡಿಯೋದಲ್ಲಿ ಹಯಾತ ಸ್ಟೂಲು ಬಿಟ್ಟು ಏಳಲಿಲ್ಲ. "ಹೆಣ್ಣು ನೋಡಾಕ ಬಂದಾವ್ರಂಗ ಎಷ್ಟೊತ್ತು ತಿರುವಿ ತಿರುವಿ ನೋಡ್ತಿ? ತಗೊಳ್ಳಾಂವ ಇದ್ರ ತಗೋ, ಇಲ್ಲಾಂದ್ರ ಇಟ್ಟು ಚಾ ಕುಡದು ಹೋಗು."

ಚನ್ನೇಶನಿಗೆ ಆ ಉದ್ದ ಲೆನ್ಸು ಬೇಕೇ ಬೇಕಿತ್ತು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಇದ್ದರೂ ಅವನು ಫೋಟೋ ತೆಗೆಯಲು ಹಾಜರು. ಗಿಡ್ಡ ಲೆನ್ಸಿನವನು ಅಖಾಡದೊಳಗೇ ನಿಲ್ಲಬೇಕು. ಕೊಬ್ಬರಿ ಸರ ಕಟ್ಟಿಕೊಂಡು ನುಗ್ಗಿ ಬರುವ ಹೋರಿಯ ಎದುರಿಗೇ ನಿಂತು ತೆಗೆಯಬೇಕು. ಹೋದ ದೀಪಾವಳಿಯಲ್ಲಿ ಅವನ ಲೆನ್ಸು ಕಾಲ್ತುಳಿತಕ್ಕೆ ಸಿಕ್ಕಿ ಪುಡಿಯಾಯಿತು, ಪಕ್ಕೆಲುಬು ಎರಡು ಮುರಿದವು. ಉದ್ದ ಲೆನ್ಸಿನವರಿಗೆ ಹಾಗಲ್ಲ. ಕಮಿಟಿಯವರು ದೂರದಲ್ಲಿ ಟ್ರ್ಯಾಕ್ಟರಿನ ಟ್ರ್ಯಾಲಿ ನಿಲ್ಲಿಸಿ ಅದರ ಮೇಲೆ ಕುರ್ಚಿ ಹಾಕುತ್ತಾರೆ, ನೀರಿನ ಬಾಟ್ಲಿ ಕೊಡುತ್ತಾರೆ. ಎಂಟನೇ ಕ್ಲಾಸಿಗೇ ಸಾಲಿ ಬಿಟ್ಟವನಿಗೆ ಈವರೆಗೆ ಯಾರೂ ಎಲ್ಲೂ ಕುರ್ಚಿ ಹಾಕಿದ್ದಿಲ್ಲ.

ಲೆನ್ಸನ್ನು ತನ್ನ ಕ್ಯಾಮೆರಾಕ್ಕೆ ಹಾಕಿ ಕಿಟಕಿಯಿಂದ ಹೊರಗೆ ಹಿಡಿದ. ಊರಾಚೆಯ ನೀರಿನ ಟಾಕಿಯ ಮೇಲೆ ಕೂತಿದ್ದ ಗಿಳಿಯ ಕೊರಳಿನ ಕೆಂಪು ಗೆರೆ ಕೂಡ ಕಂಡಿತು. ಖುಷಿಯಲ್ಲಿ ಹಿಂದೆ ತಿರುಗಿದಾಗ ಕಾಲಿಗೆ ಏನೋ ತಾಗಿತು. ಗೋಡೆಗೆ ಮುಖ ಮಾಡಿ ಒರಗಿಸಿಟ್ಟ ದೊಡ್ಡ ಫೋಟೋ. ತಿರುಗಿಸಿದ.

ಹೋದ ವರ್ಷ ಪೇಪರಿನಲ್ಲಿ ತೆಗೆದವರ ಹೆಸರಿಲ್ಲದೆ ಬಂದಿದ್ದ ಫೋಟೋ ಅದು. ಎತ್ತಿದ ಕೊಂಬು, ಹರಿದು ಚೆಲ್ಲಿದ ಕೊಬ್ಬರಿ, ಕೆಳಗೆ ಮಣ್ಣಿನಲ್ಲಿ ಚನ್ನೇಶನ ಪರಿಚಯದ ಹುಡುಗ ಶಂಭುಲಿಂಗ. ಅವನ ಕಣ್ಣು ನೋಡುವವರನ್ನೇ ನೋಡುತ್ತಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಅವನು ಸತ್ತಿದ್ದ.

"ಇದು ನೀವು ತಗದದ್ದೇನ್ರಿ? ಇದ ಲೆನ್ಸಿನಾಗ?"

ಹಯಾತ ತಲೆಯಾಡಿಸಿದ. "ಹೂಂ. ಬಹುಮಾನ ಬಂತು ಇದಕ್ಕ. ಪ್ರದರ್ಶನಕ್ಕ ಅವರವ್ವ ಸುಶೀಲವ್ವ ಬಂದಿದ್ದಳು. ಫೋಟೋದಾಗಿನ ಮಗನ ಗಲ್ಲದ ಮ್ಯಾಲೆ ಕೈ ಇಟ್ಟು, 'ಇಷ್ಟು ಸನೇಕ ನಿಂತಿದ್ದೆಲ್ಲೋ ಯಪ್ಪಾ, ಕೈ ಹಿಡದು ಒಂಚೂರು ಜಗ್ಗಬಾರದಾಗಿತ್ತೇನು' ಅಂದಳು. ನಾ ಟ್ರ್ಯಾಲಿ ಮ್ಯಾಲಿದ್ನಿ ಯವ್ವಾ, ಇನ್ನೂರು ಫೂಟ್ ದೂರ, ಇದು ಲೆನ್ಸಿನ ಆಟ ಅಂತ ಎಷ್ಟು ಹೇಳಿದ್ರೂ ಆಕಿಗೆ ತಿಳೀಲಿಲ್ಲ. ಅವತ್ತಿಂದ ಇದನ್ನ ಕಣ್ಣಿಗೆ ಹಚ್ಚಿಲ್ಲ ನಾನು. ಅದಕ್ಕ ಮಾರಾಕತ್ತೇನಿ. ಸಾಕೇನು?"

"ನಾ ಜಗ್ಗಿದ್ನಿ," ಎಂದ ಚನ್ನೇಶ.

"ಏನು?"

"ಸನೇಕ ಇದ್ದಾಂವ ನಾ. ಕ್ಯಾಮೆರಾ ಒಗದು ಅವನ ರಟ್ಟಿ ಹಿಡದು ಜಗ್ಗಿದ್ನಿ. ಲೆನ್ಸು ಒಡದದ್ದೂ ಆಗ, ನನ್ನ ಎಲುಬು ಮುರದದ್ದೂ ಆಗ. ಎಲ್ಲೈತ್ರಿ ಅವನ ಬಲಗೈ ರಟ್ಟಿ? ಎಲ್ಲೈತಿ ನನ್ನ ಕೈ?"

ಹಯಾತ ನೆಲ ನೋಡಿದ. "ಮೂಲ್ಯಾಗ ಒಂದು ಕೈ ಬಂದಿತ್ತು. ಯಾರದೋ ಏನೋ... ಫ್ರೇಮ್ ಕೆಡಸಾಕತ್ತಿತ್ತು. ಕತ್ತರಿಸಿದ್ನಿ."

"ಪೂರಾ ಫೋಟೋ ತೋರಸ್ರಿ."

"ಇಲ್ಲ ತಮ್ಮಾ. ಮರುವಾರ ಮದಿವಿ ಆರ್ಡರ್ ಇತ್ತು, ಕಾರ್ಡ್ ಖಾಲಿ ಮಾಡಿದ್ನಿ. ಉಳದದ್ದು ಇದೊಂದ."

ಶಂಭುಲಿಂಗನ ಮನೆ ಚನ್ನೇಶನ ಓಣಿಯಲ್ಲೇ. ನಾನು ಜಗ್ಗಿದೆ, ಹೋರಿ ಬಿಡಲಿಲ್ಲ ಎಂದು ಅವನು ಹೇಳಿದಾಗ ಸುಶೀಲವ್ವ ಅವನ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಅತ್ತಿದ್ದಳು. ಪೇಪರಿನಲ್ಲಿ ಫೋಟೋ ಬಂದ ದಿನ ಅದನ್ನು ಹಿಡಿದುಕೊಂಡು ಬಾಗಿಲಿಗೇ ಬಂದಿದ್ದಳು. "ಇದರಾಗ ಎಲ್ಲಿದ್ದೀಯೋ ನೀನು? ಸತ್ತ ನನ್ನ ಮಗನ ಮ್ಯಾಲೆ ಸುಳ್ಳು ಹೇಳ್ತೀಯೇನೋ?" ಅಲ್ಲಿಂದ ಮುಂದೆ ಓಣಿಗೆ ಓಣಿಯೇ ಚನ್ನೇಶ ಓಡುವಾಗ ಬಿದ್ದು ಎಲುಬು ಮುರಿದುಕೊಂಡವನು ಎಂದು ತೀರ್ಮಾನ ಕೊಟ್ಟಿತ್ತು. ಅವನು ಬಂದರೆ ನಳದ ಹತ್ತಿರ ಮಾತು ನಿಲ್ಲುತ್ತಿತ್ತು.

ಅವನು ಒಮ್ಮೆಲೇ ಕ್ಯಾಮೆರಾ ಎತ್ತಿ ಹಯಾತನ ಮುಖಕ್ಕೆ ಗುರಿ ಹಿಡಿದ.

"ನಂದ್ಯಾಕೋ ತಮ್ಮಾ?"

"ಟೆಸ್ಟ್."

ಲೆನ್ಸು ಒಳಗೊಳಗೇ ಗಿರ್ರೆಂದು ಹಿಂದೆ ಮುಂದೆ ಓಡಿತು. ಫೋಕಸ್ ಕೂಡಲಿಲ್ಲ. ಹಯಾತನ ಮುಖದ ಜಾಗದಲ್ಲಿ ಕಲಸಿದ ಹಿಟ್ಟಿನಂಥದ್ದು ಏನೋ ಅಲುಗಾಡಿತು.

"ಅಷ್ಟು ಸನೇಕ ನಿಂತ್ರ ಅದಕ್ಕ ಏನೂ ಕಾಣೂದಿಲ್ಲ," ಎಂದ ಹಯಾತ ಸಣ್ಣ ದನಿಯಲ್ಲಿ. "ಹಿಂದ ಸರೀಬೇಕು."

ಚನ್ನೇಶ ಕದಲದೆ ನಿಂತ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು. ಬೆನ್ನು ಗೋಡೆಗೆ ತಾಗುವವರೆಗೂ ಸರಿದ. ಲೆನ್ಸು ಕೀಚ್ ಎಂದಿತು. ಹಯಾತನ ಗಡ್ಡದ ಒಂದೊಂದು ಬಿಳಿಕೂದಲೂ, ರೆಪ್ಪೆಯ ಅಂಚಿನಲ್ಲಿ ನಿಂತ ನೀರೂ ಚಕ್ಕನೆ ಕಂಡವು. ಕೈ ಚಾಚಿದರೆ ಒರೆಸಬಹುದು ಎನ್ನುವಷ್ಟು ಹತ್ತಿರ.

ಚನ್ನೇಶ ಗುಂಡಿ ಒತ್ತಿದ.

"ಲೆನ್ಸು ಕಟ್ಟಿಕೊಡ್ರಿ," ಎಂದ.